ತೀರ್ಥಯಾತ್ರೆ ಮತ್ತು ಸಿಂಹಾವಲೋಕನ

ಕಾರ್ತಿಕಮಾಸದ ದೀಪೋತ್ಸವಗಳು ಮುಗಿದು ಧನುರ್ಮಾಸದ ಹುಗ್ಗಿಯ ನೈವೇದ್ಯಕ್ಕೆ ಇನ್ನೂ ಕೆಲವು ದಿನಗಳಿರುವ ಈ ಅವಧಿಯಲ್ಲಿ, ನಮ್ಮ ಊರುಗಳ ಮಠಮಂದಿರಗಳಲ್ಲಿ ಕಾಶೀ-ಗಯಾ ಯಾತ್ರೆಯ ಮಾತು ಪ್ರತಿವರ್ಷವೂ ಕೇಳಿಬರುತ್ತದೆ. ತೀರ್ಥಪ್ರಸಾದಕ್ಕೆಂದು ಪೌಳಿಯಲ್ಲಿ ಕುಳಿತ ಹಿರಿಯರು ಯಾರು ಯಾರು ಹೊರಡುವವರು, ಎಷ್ಟು ದಿನದ ಪ್ರಯಾಣ, ಗಯೆಯಲ್ಲಿ ಶ್ರಾದ್ಧಕ್ಕೆ ಯಾವ ತಿಥಿ ಅನುಕೂಲ ಎಂಬುದನ್ನು ವಿಚಾರಿಸುತ್ತಾರೆ. ಹೊರಡುವವರಲ್ಲಿ ಬಹುಪಾಲು ಅರುವತ್ತು ದಾಟಿದವರೇ ಆಗಿರುವುದು ಭಕ್ತಮಹಾಜನರಿಗೆ ತಿಳಿದ ವಿಷಯವೇ ಆಗಿದೆ. ಸಂಸಾರದ ಹೊರೆ ಇಳಿದಮೇಲೆ, ಮಕ್ಕಳ ಮದುವೆ ಮುಂಜಿಗಳು ಮುಗಿದಮೇಲೆ, ಕಾಲುಗಳಲ್ಲಿ ಇನ್ನೂ ಕಿಂಚಿತ್ ಬಲವಿರುವಾಗಲೇ ಗಂಗಾಸ್ನಾನವಾಗಬೇಕೆಂಬುದು ನಮ್ಮವರ ಬಹುಕಾಲದ ಸಂಕಲ್ಪ.

ಹಿಂದಿನ ಕಾಲದಲ್ಲಿ ಈ ಯಾತ್ರೆ ತಿಂಗಳುಗಟ್ಟಲೆಯದಾಗಿತ್ತು. ಶ್ರೀಮದಾಚಾರ್ಯರು ಎರಡು ಬಾರಿ ಬದರೀಯಾತ್ರೆಯನ್ನು ಮಾಡಿದರೆಂದು ಶ್ರೀನಾರಾಯಣಪಂಡಿತಾಚಾರ್ಯರ ಸುಮಧ್ವವಿಜಯವು ತಿಳಿಸುತ್ತದೆ. ಪಶ್ಚಿಮಸಮುದ್ರದ ತೀರದ ಉಡುಪಿಯಿಂದ, ಹತ್ತು ಸಾವಿರ ಅಡಿಗಳಿಗೂ ಮಿಗಿಲಾದ ಎತ್ತರದಲ್ಲಿರುವ ಬದರಿಯವರೆಗೆ ನದಿ, ಕಾಡು, ಗಿರಿಗಳನ್ನು ದಾಟಿ ನಡೆದ ಆ ಸಂಚಾರವನ್ನು ನೆನೆದರೆ ಇಂದಿಗೂ ರೋಮಾಂಚವಾಗುತ್ತದೆ. ಸಾಮಾನ್ಯಗೃಹಸ್ಥರು ಕಾಶಿಗೆ ಹೊರಟಾಗ, ಮರಳಿ ಬರುವೆವೋ ಇಲ್ಲವೋ ಎಂಬ ಭಾವದಿಂದಲೇ ನಂಟರಿಷ್ಟರ ಮನೆಗಳಿಗೆ ಹೋಗಿ ಹೇಳಿ ಬರುತ್ತಿದ್ದರು, ಸಾಲವಿದ್ದರೆ ತೀರಿಸುತ್ತಿದ್ದರು, ಮನಸ್ತಾಪವಿದ್ದರೆ ಕೈಮುಗಿದು ಮುಗಿಸುತ್ತಿದ್ದರು. ಊರ ಗಡಿಯವರೆಗೆ ಬಂದು ಕಳುಹಿಸುವ ಪದ್ಧತಿ ಕೇವಲ ಸಂಭ್ರಮದ್ದಾಗಿರಲಿಲ್ಲ.

ಈಗ ಕಾಲ ಬದಲಾಗಿದೆ. ಬೆಂಗಳೂರಿನಿಂದ ಕಾಶಿಯ ಸಮೀಪಕ್ಕೆ ಎರಡು ರಾತ್ರಿಗಳಲ್ಲಿ ರೈಲುಬಂಡಿ ತಲುಪಿಸುತ್ತದೆ. 2022ರ ನವೆಂಬರ್ 11ರಂದು ಕರ್ನಾಟಕದ ಯಾತ್ರಿಕರಿಗಾಗಿಯೇ ಕಾಶೀದರ್ಶನದ ವಿಶೇಷ ರೈಲೊಂದು ಬೆಂಗಳೂರಿನಿಂದ ಹೊರಟುದನ್ನು ವಾಚಕರು ಬಲ್ಲರು. ಹಿರಿಯ ನಾಗರಿಕರಿಗೆ ರೈಲ್ವೆ ಇಲಾಖೆ ಕೊಡುತ್ತಿದ್ದ ದರದ ರಿಯಾಯಿತಿಯು 2020ರ ಮಾರ್ಚಿಯಲ್ಲಿ ನಿಂತುಹೋದರೂ ವೃದ್ಧರ ಉತ್ಸಾಹವೇನೂ ಕುಂದಲಿಲ್ಲ. ಪ್ರಯಾಣ ಸುಲಭವಾದುದು ಸಂತೋಷದ ಸಂಗತಿ. ಆದರೆ ಹೊರಡುವ ಮುನ್ನ ನಡೆಯುತ್ತಿದ್ದ ಆ ಲೆಕ್ಕ ತೀರಿಸುವ ಕಾರ್ಯ ಮಾತ್ರ ಅಷ್ಟಾಗಿ ಕಾಣುತ್ತಿಲ್ಲ. ಹೋಗಿ ಹತ್ತು ದಿನಗಳಲ್ಲಿ ಮರಳುವವನು ಯಾರಲ್ಲಿ ಏನೆಂದು ಕ್ಷಮೆ ಬೇಡಿಯಾನು?

ಆದರೂ ಯಾತ್ರೆಯ ಸ್ವಭಾವ ಬದಲಾಗಿಲ್ಲ. ಮನೆಯಲ್ಲಿರುವಾಗ ಹಿರಿಯರಿಗೂ ನೂರೆಂಟು ಸಣ್ಣ ಕೆಲಸಗಳು: ದೇವರ ಪೂಜೆ, ಮೊಮ್ಮಕ್ಕಳ ಪಾಠ, ಹಾಲಿನವನ ಲೆಕ್ಕ. ಬಂಡಿಯಲ್ಲಿ ಕುಳಿತ ಮೇಲೆ ದೇಹಕ್ಕೆ ಕೆಲಸವಿಲ್ಲ. ಜಪ ಮುಗಿಯುತ್ತದೆ, ಪಾರಾಯಣ ಮುಗಿಯುತ್ತದೆ, ಕಿಟಕಿಯ ಹೊರಗೆ ಗುರುತಿಲ್ಲದ ಊರುಗಳು ಹಿಂದಕ್ಕೆ ಓಡುತ್ತವೆ; ಅವುಗಳೊಡನೆ ಮನಸ್ಸೂ ಹಿಂದಕ್ಕೆ ಓಡುತ್ತದೆ. ತೀರಿಹೋದ ತಂದೆತಾಯಿಗಳು, ಮಾಡಿದ ಉಪಕಾರ, ಮಾಡಿದ ಅಪಕಾರ, ಆಡಬಾರದೆ ಆಡಿದ ಮಾತು, ಆಡಬೇಕಾಗಿದ್ದು ಆಡದೆ ಉಳಿದ ಮಾತು ಎಲ್ಲವೂ ಒಂದೊಂದಾಗಿ ಎದುರಿಗೆ ಬಂದು ನಿಲ್ಲುತ್ತವೆ. ಪ್ರಕೃತ ನಾವು ವಿಚಾರ ಮಾಡಬೇಕೆಂದಿರುವ ಪ್ರಶ್ನೆ ಇದೇ. ಮುಪ್ಪಿನಲ್ಲಿ, ಅದರಲ್ಲಿಯೂ ತೀರ್ಥಯಾತ್ರೆಯಲ್ಲಿ, ಹೀಗೆ ಹಿಂತಿರುಗಿ ನೋಡುವುದು ಸಾಧನೆಗೆ ಅಂಗವೇ, ಅಥವಾ ಸಾಧನೆಗೆ ಪ್ರತಿಬಂಧಕವೇ?

ಮೊದಲು ಪೂರ್ವಪಕ್ಷವನ್ನು ನೋಡೋಣ. ಹಿಂದಿನದನ್ನು ನೆನೆಯಬಾರದೆನ್ನುವವರಿಗೆ ಪ್ರಬಲವಾದ ಆಧಾರಗಳಿವೆ. ಅಂತ್ಯಕಾಲದಲ್ಲಿ ಯಾವುದನ್ನು ನೆನೆಯುತ್ತಾ ದೇಹವನ್ನು ಬಿಡುವನೋ ಅದನ್ನೇ ಹೊಂದುವನೆಂದು ಗೀತೆಯ ಎಂಟನೆಯ ಅಧ್ಯಾಯದಲ್ಲಿ ಭಗವಂತನು ಉಪದೇಶಿಸಿದ್ದಾನೆ. ಭಾಗವತದ ಐದನೆಯ ಸ್ಕಂಧದ ಭರತಚಕ್ರವರ್ತಿಯ ವೃತ್ತಾಂತವಂತೂ ಸರ್ವವಿದಿತ. ರಾಜ್ಯವನ್ನು ತೃಣದಂತೆ ತೊರೆದು, ಸಾಲಗ್ರಾಮಶಿಲೆಗಳಿಗೆ ಆಕರವಾದ ಗಂಡಕೀತೀರದ ಪುಲಹಾಶ್ರಮಕ್ಕೆ ಹೋದ ಮಹಾತ್ಮನು ತಾಯಿಯನ್ನು ಕಳೆದುಕೊಂಡ ಒಂದು ಜಿಂಕೆಯ ಮರಿಯಲ್ಲಿ ಮನಸ್ಸಿಟ್ಟು ಮರುಜನ್ಮದಲ್ಲಿ ಜಿಂಕೆಯಾದನು. ಅಂಥವನಿಗೇ ಹೀಗಾದರೆ, ಮನೆ, ಹೊಲ, ಮಕ್ಕಳು, ಜಗಳಗಳನ್ನೇ ಮೆಲುಕುಹಾಕುತ್ತಾ ಕಾಶಿಗೆ ಹೋಗುವ ನಮ್ಮಂಥವರ ಗತಿಯೇನು? ಆದುದರಿಂದ ಹಿರಿಯರು ಹಳೆಯದನ್ನೆಲ್ಲ ಮರೆತು ಹರಿನಾಮವೊಂದನ್ನೇ ಹಿಡಿಯಬೇಕು ಎಂಬುದು ಒಂದು ಪಕ್ಷ.

ಎರಡನೆಯ ಪಕ್ಷ ಇನ್ನೂ ಸೂಕ್ಷ್ಮವಾದುದು. ಶ್ರೀಹರಿಯೊಬ್ಬನೇ ಸ್ವತಂತ್ರನು, ಮಿಕ್ಕುದೆಲ್ಲವೂ ಅಸ್ವತಂತ್ರವೆಂಬುದು ನಮ್ಮ ಸಿದ್ಧಾಂತದ ಮೂಲ. ಒಂದು ಹುಲ್ಲುಕಡ್ಡಿ ಅಲುಗುವುದೂ ಅವನ ಪ್ರೇರಣೆಯಿಂದಲೇ. ಹೀಗಿರಲು, ನಡೆದುದೆಲ್ಲವೂ ಹರಿಚಿತ್ತವೇ ಸರಿ. ಅದರಲ್ಲಿ ನನ್ನ ತಪ್ಪೇನು, ಪಶ್ಚಾತ್ತಾಪವೇಕೆ? ಈ ಮಾತು ಕೇಳಲು ಭಕ್ತಿಯ ಮಾತಿನಂತೆಯೇ ಇದೆ. ಆದುದರಿಂದಲೇ ಇದನ್ನು ಜಾಗ್ರತೆಯಿಂದ ಪರಿಶೀಲಿಸಬೇಕು.

ಈ ಎರಡನೆಯ ಪ್ರಶ್ನೆಯನ್ನು ನಾವು ಗ್ರಂಥದಲ್ಲಿ ಓದಿದ್ದಕ್ಕಿಂತ ಸ್ಪಷ್ಟವಾಗಿ ಒಬ್ಬ ವೃದ್ಧರ ಬಾಯಿಂದ ಕೇಳಿದೆವು. ಕೆಲವು ವರ್ಷಗಳ ಹಿಂದೆ ನಮ್ಮ ದೇವಸ್ಥಾನದ ಭಕ್ತರ ತಂಡವೊಂದರ ಸಂಗಡ ಗಯೆಗೆ ಹೋಗಿದ್ದಾಗ, ಎಪ್ಪತ್ತಾರು ವರ್ಷದ ನಿವೃತ್ತ ಉಪಾಧ್ಯಾಯರೊಬ್ಬರು ನಮ್ಮೊಡನಿದ್ದರು. ಎರಡನೆಯ ದಿನ ಗಾಡಿ ಇಟಾರ್ಸಿಯನ್ನು ದಾಟಿ ನರ್ಮದೆಯ ಬಯಲಿನಲ್ಲಿ ಸಾಗುತ್ತಿತ್ತು. ಸಾಯಂಸಂಧ್ಯಾವಂದನೆ ಮುಗಿಸಿ ಕುಳಿತವರು ತಮ್ಮ ಬಾಳಿನ ಕಥೆಯನ್ನು ಹೇಳತೊಡಗಿದರು. ಅವರಿಗೆ ಒಬ್ಬ ತಮ್ಮ. ತಂದೆ ತೀರಿದ ಮೇಲೆ ಹಿಸ್ಸೆಯಾಯಿತು. ಜಮೀನು ಪಾಲಾಯಿತು, ಬಾವಿ ಪಾಲಾಗಲಿಲ್ಲ. ಆ ಬಾವಿಯ ನೀರಿನ ಸರದಿಗಾಗಿ ಮಾತು ಬೆಳೆದು, ಇಪ್ಪತ್ತೆರಡು ವರ್ಷಗಳಿಂದ ಅಣ್ಣತಮ್ಮಂದಿರು ಪರಸ್ಪರ ಮಾತನಾಡಿಲ್ಲ. ತಾಯಿಯ ಶ್ರಾದ್ಧವನ್ನೂ ಒಂದೇ ಊರಿನಲ್ಲಿ ಎರಡು ಮನೆಗಳಲ್ಲಿ ಬೇರೆ ಬೇರೆಯಾಗಿ ಮಾಡುತ್ತಿದ್ದರು. ಇಷ್ಟು ಹೇಳಿ ಅವರು ಕೇಳಿದರು: "ಆಚಾರ್ರೇ, ನೀವು ಪಾಠಶಾಲೆಯಲ್ಲಿ ಶಾಸ್ತ್ರ ಓದಿದವರು, ಹೇಳಿ. ಎಲ್ಲವೂ ಹರಿಚಿತ್ತವೆಂದಮೇಲೆ ನಮ್ಮಿಬ್ಬರ ಜಗಳವೂ ಹರಿಚಿತ್ತವೇ ಅಲ್ಲವೇ? ಹಾಗಿದ್ದರೆ ಎರಡು ದಿನಗಳಿಂದ ಅದೊಂದೇ ನನ್ನ ಎದೆಯಲ್ಲಿ ಯಾಕೆ ಕುಟುಕುತ್ತಿದೆ?"

ಈ ಪ್ರಶ್ನೆಗೆ ಶಾಸ್ತ್ರದಲ್ಲಿ ಉತ್ತರವಿದೆ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಜೀವನ ಕರ್ತೃತ್ವದ ವಿಚಾರವು ನಡೆದಿದೆ. ಜೀವನು ಕರ್ತನಲ್ಲವೆಂದರೆ 'ಇದನ್ನು ಮಾಡು, ಇದನ್ನು ಮಾಡಬೇಡ' ಎಂಬ ವಿಧಿನಿಷೇಧಗಳೆಲ್ಲವೂ ವ್ಯರ್ಥವಾಗುತ್ತವೆ. ಕಲ್ಲಿಗೆ ಯಾರೂ ಉಪದೇಶ ಮಾಡುವುದಿಲ್ಲ. ಆದುದರಿಂದ ಜೀವನೂ ಕರ್ತನೇ. ಆದರೆ ಆ ಕರ್ತೃತ್ವವು ಅವನ ಸ್ವಂತ ಸೊತ್ತಲ್ಲ. ಪರಮಾತ್ಮನ ಅಧೀನವಾದುದು, ಅವನಿಂದ ಕೊಡಲ್ಪಟ್ಟುದು. ಭಗವಂತನಾದರೋ ಜೀವನನ್ನು ಮನಬಂದಂತೆ ಪ್ರೇರಿಸುವುದಿಲ್ಲ. ಜೀವನ ಅನಾದಿಯಾದ ಸ್ವಭಾವ, ಅವನ ಪೂರ್ವಕರ್ಮ ಮತ್ತು ಅವನ ಪ್ರಯತ್ನ ಇವುಗಳನ್ನು ಅನುಸರಿಸಿಯೇ ಪ್ರೇರಿಸುತ್ತಾನೆ. ಆದುದರಿಂದಲೇ ಅವನಲ್ಲಿ ಪಕ್ಷಪಾತವೂ ಇಲ್ಲ, ನಿರ್ದಯತೆಯೂ ಇಲ್ಲ.

ಇದರಿಂದ ಸಾಧಕನು ತನ್ನ ಬಾಳನ್ನು ಲೆಕ್ಕಹಾಕುವ ಕ್ರಮ ನಿರ್ಧಾರವಾಗುತ್ತದೆ. ಒಳ್ಳೆಯದು ನಡೆದಲ್ಲಿ, ಅಲ್ಪಶಕ್ತನಾದ ನನ್ನಿಂದ ಇದನ್ನು ಮಾಡಿಸಿದವನು ಅವನು, ಅವನು ಶಕ್ತಿಯನ್ನು ಕೊಡದಿದ್ದರೆ ನನ್ನಿಂದ ಏನಾಗುತ್ತಿತ್ತು ಎಂಬ ಅನುಸಂಧಾನ. ಕೆಟ್ಟದ್ದು ನಡೆದಲ್ಲಿ, ಅವನ ಪ್ರೇರಣೆಯು ನನ್ನ ಸಂಸ್ಕಾರವನ್ನೂ ನನ್ನ ಪ್ರಯತ್ನವನ್ನೂ ಅನುಸರಿಸಿಯೇ ಬಂದಿತಷ್ಟೆ, ಆದುದರಿಂದ ದೋಷವು ನನ್ನದು ಎಂಬ ಅನುಸಂಧಾನ. ಜಮೆ ಅವನ ಹೆಸರಿಗೆ, ಬಾಕಿ ನಮ್ಮ ಹೆಸರಿಗೆ. ಲೋಕದಲ್ಲಿ ನಾವು ಮಾಡುವುದು ಇದಕ್ಕೆ ತೀರ ವಿರುದ್ಧ. ಮನೆ ಕಟ್ಟಿಸಿದೆ, ಮಗನನ್ನು ಓದಿಸಿದೆ, ದೇವರಿಗೆ ಬೆಳ್ಳಿಯ ಕವಚ ಮಾಡಿಸಿದೆ ಎನ್ನುವಾಗ ಬಾಯಿಗೆ ಬರುವುದು 'ನಾನು'. ಮಾತು ಕೆಟ್ಟಿತು, ಮನೆ ಒಡೆಯಿತು ಎನ್ನುವಾಗ ಬಾಯಿಗೆ ಬರುವುದು 'ವಿಧಿ'. ಒಬ್ಬನೇ ಮನುಷ್ಯನು ಒಂದೇ ಸಂಜೆಯಲ್ಲಿ ಲಾಭಕ್ಕೆ ಸ್ವತಂತ್ರನೂ ನಷ್ಟಕ್ಕೆ ಅಸ್ವತಂತ್ರನೂ ಆಗುವ ಈ ಚಮತ್ಕಾರವನ್ನು ಯಾವ ಸಿದ್ಧಾಂತವೂ ಒಪ್ಪುವುದಿಲ್ಲ.

ನಾವು ಆ ಹಿರಿಯರಿಗೆ ಸೂತ್ರದ ವಿಚಾರವನ್ನು ವಿಸ್ತರಿಸುವ ಬದಲು ಮಹಾಭಾರತದ ಆಶ್ರಮವಾಸಿಕಪರ್ವದ ಕಥೆಯನ್ನು ನೆನಪುಮಾಡಿದೆವು. ಅದೂ ಒಬ್ಬ ವೃದ್ಧನ ಕೊನೆಯ ಪ್ರಯಾಣದ ಕಥೆಯೇ.

ಯುದ್ಧವು ಮುಗಿದ ಮೇಲೆ ಧೃತರಾಷ್ಟ್ರನು 15 ವರ್ಷಗಳ ಕಾಲ ಧರ್ಮರಾಜನ ಆಶ್ರಯದಲ್ಲಿದ್ದನು. ಧರ್ಮರಾಜನು ಅವನಿಗೆ ಯಾವ ಕೊರತೆಯನ್ನೂ ಮಾಡಲಿಲ್ಲ. ಭೀಮಸೇನದೇವರು ಮಾತ್ರ ಅವನ ಕಿವಿಗೆ ಬೀಳುವಂತೆ ಹಳೆಯದನ್ನು ಎತ್ತಿ ಆಡುತ್ತಿದ್ದರು. ಆ ನುಡಿಗಳು ಕಟುವಾಗಿದ್ದರೂ ಸುಖದಲ್ಲಿ ಮೈಮರೆತ ಮುದುಕನಿಗೆ ವೈರಾಗ್ಯವನ್ನುಂಟುಮಾಡಿದುವೆಂದು ನಾವು ತಿಳಿಯಬೇಕು. ಕೊನೆಗೆ ಅವನು ವನಕ್ಕೆ ಹೊರಡಲು ನಿಶ್ಚಯಿಸಿದನು. ಭಾಗವತದ ಮೊದಲನೆಯ ಸ್ಕಂಧದಲ್ಲಿ ವಿದುರನ ಉಪದೇಶದಿಂದ ಎಚ್ಚೆತ್ತು ಯಾರಿಗೂ ತಿಳಿಸದೆ ಹೊರಟನೆಂದಿದೆ. ಭಾರತದಲ್ಲಿ ಎಲ್ಲರ ಅನುಮತಿಯನ್ನು ಪಡೆದು ಹೊರಟನೆಂದಿದೆ. ಪ್ರಕೃತ ವಿಷಯಕ್ಕೆ ಭಾರತದ ಕ್ರಮವನ್ನೇ ಅನುಸರಿಸೋಣ.

ಧೃತರಾಷ್ಟ್ರನ ಸ್ವಭಾವವನ್ನು ಬಲ್ಲವರಿಗೆ ಒಂದು ಸಂಗತಿ ನೆನಪಿರಬೇಕು. ಯುದ್ಧದ ದಿನಗಳುದ್ದಕ್ಕೂ ಸಂಜಯನು ಒಬ್ಬೊಬ್ಬ ವೀರನ ಪತನವನ್ನು ಹೇಳಿದಾಗಲೂ ಅವನ ಬಾಯಲ್ಲಿ ಬರುತ್ತಿದ್ದ ಮಾತು ದೈವವೇ ಬಲವತ್ತರವೆಂಬುದು. ಸಂಜಯನು ಅದನ್ನು ಒಪ್ಪದೆ, ಇದು ನಿನ್ನ ಅಪರಾಧವೇ ಎಂದು ಮತ್ತೆ ಮತ್ತೆ ಮುಖಕ್ಕೆ ಹೇಳುತ್ತಿದ್ದನು. ದ್ಯೂತವು ನಡೆಯುತ್ತಿದ್ದಾಗ ತಡೆಯಬಲ್ಲವನಾಗಿದ್ದೂ ತಡೆಯದೆ, ವಿದುರನು ಹೇಳಿದಾಗ ಕೇಳದೆ, ಸ್ವತಃ ಶ್ರೀಕೃಷ್ಣನೇ ಸಂಧಾನಕ್ಕೆ ಬಂದಾಗಲೂ ಮಗನನ್ನು ಬಿಡದೆ ಇದ್ದವನು, ಫಲವು ಬಂದಾಗ ದೈವದ ಕಡೆ ಕೈತೋರಿಸಿದನು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆಯಂತೆ, ಅವನಿಗೆ ಕೆಟ್ಟ ಮೇಲೂ ಬಹುಕಾಲ ಬುದ್ಧಿ ಬರಲಿಲ್ಲ.

ಆದರೆ ವನಕ್ಕೆ ಹೊರಡುವ ಮುನ್ನ ಅವನು ಪುರಜನರನ್ನು ಕರೆಯಿಸಿ ಕೈಮುಗಿದು ನಿಂತನು. ತನ್ನ ಮಗನ ಅಪರಾಧದಿಂದಲೂ ತಾನು ಮಾಡಿದ ಅನೀತಿಯಿಂದಲೂ ಈ ಮಹಾನಾಶವಾಯಿತೆಂದು ಒಪ್ಪಿಕೊಂಡು, ಕ್ಷಮಿಸಿ ಕಳುಹಿಸಿಕೊಡಿರೆಂದು ಬೇಡಿದನು. ಜೀವಮಾನದಲ್ಲಿ 'ದೈವ'ದ ಹಿಂದೆ ಅಡಗುತ್ತಿದ್ದವನು ಹೊರಡುವಾಗ 'ನನ್ನ ಅನೀತಿ' ಎಂದನು. ಆಗ ಪ್ರಜೆಗಳ ಪರವಾಗಿ ಸಾಂಬನೆಂಬ ಬ್ರಾಹ್ಮಣನು ಉತ್ತರ ಕೊಟ್ಟನು. ಅವನು ಹೇಳಿದುದರ ತಾತ್ಪರ್ಯವಾದರೋ, ಕುರುಕುಲದ ನಾಶಕ್ಕೆ ನೀನಾಗಲಿ ನಿನ್ನ ಮಗನಾಗಲಿ ಕಾರಣರಲ್ಲ, ಅದು ದೈವದಿಂದ ಆದುದು ಎಂದು.

ಇಲ್ಲಿ ಮಹರ್ಷಿ ವೇದವ್ಯಾಸರು ಇಟ್ಟಿರುವ ಮರ್ಮವನ್ನು ನೋಡಬೇಕು. ದೈವವೆಂಬ ಮಾತು ಒಂದೇ. ಅದನ್ನು ತಪ್ಪು ಮಾಡಿದವನು ಹೇಳಿದಾಗ ಅದು ನೆಪ. ತಪ್ಪಿನಿಂದ ನೊಂದವನು ಹೇಳಿದಾಗ ಅದು ಕ್ಷಮೆ. ಧೃತರಾಷ್ಟ್ರನು 'ದೈವ' ಎಂದಷ್ಟು ದಿನವೂ ಸಂಜಯನು 'ನೀನು' ಎಂದನು. ಧೃತರಾಷ್ಟ್ರನು 'ನಾನು' ಎಂದ ದಿನ ಪ್ರಜೆಗಳು 'ದೈವ' ಎಂದರು. ಹರಿಚಿತ್ತವೆಂಬ ಮಹಾತತ್ತ್ವವನ್ನು ನಾವು ನಮ್ಮ ತಪ್ಪಿಗೆ ಹೊದಿಸಿಕೊಳ್ಳಬಾರದು. ಇತರರು ನಮಗೆ ಮಾಡಿದ ತಪ್ಪಿಗೆ ಹೊದಿಸಬೇಕು. ತತ್ತ್ವವು ಸತ್ಯವಾಗಿದ್ದರೂ ಯಾರ ಬಾಯಲ್ಲಿ, ಯಾವುದಕ್ಕಾಗಿ ಬರುತ್ತದೆ ಎಂಬುದರಿಂದ ಅದು ಔಷಧವೋ ವಿಷವೋ ಆಗುತ್ತದೆ.

ಅನಂತರ ಕಾರ್ತಿಕ ಪೌರ್ಣಮಿಯ ದಿನ ಅವರು ಹೊರಟರು. ಮುಂದೆ ಕುಂತೀದೇವಿ, ಅವಳ ಹೆಗಲ ಮೇಲೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಗಾಂಧಾರಿಯ ಕೈ, ಗಾಂಧಾರಿಯ ಹೆಗಲ ಮೇಲೆ ಧೃತರಾಷ್ಟ್ರನ ಕೈ. ಯಾರ ಮಕ್ಕಳನ್ನು ಅವನು ಕಾಡಿಗೆ ಅಟ್ಟಿದ್ದನೋ ಆ ತಾಯಿಯೇ ಅವನಿಗೆ ಕಾಡಿನ ದಾರಿಯನ್ನು ತೋರಿಸುತ್ತಾ ನಡೆದಳು. ಕ್ಷಮೆ ಬೇಡಿದವನಿಗೆ ದೊರೆತ ಫಲವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಸಾಧ್ಯವಿಲ್ಲ.

ಇನ್ನು ಮೊದಲನೆಯ ಪೂರ್ವಪಕ್ಷಕ್ಕೆ ಬರೋಣ. ಹರಿನಾಮವೊಂದಿದ್ದರೆ ಸಾಕು, ಹಳೆಯದನ್ನು ನೆನೆಯುವುದೇಕೆ ಎನ್ನುವವರು ಸಾಮಾನ್ಯವಾಗಿ ಅಜಾಮಿಳನ ಉದಾಹರಣೆಯನ್ನು ಕೊಡುತ್ತಾರೆ. ಸಾಯುವಾಗ ಮಗನನ್ನು 'ನಾರಾಯಣ' ಎಂದು ಕರೆದು ಯಮಪಾಶದಿಂದ ಪಾರಾದನೆಂಬಲ್ಲಿಗೆ ನಾವು ಕಥೆಯನ್ನು ನಿಲ್ಲಿಸಿಬಿಡುತ್ತೇವೆ. ಭಾಗವತವು ಅಲ್ಲಿಗೆ ನಿಲ್ಲಿಸಿಲ್ಲ. ಆರನೆಯ ಸ್ಕಂಧವನ್ನು ಓದಿದವರಿಗೆ ಮುಂದಿನ ಭಾಗ ತಿಳಿದಿದೆ. ಅಜಾಮಿಳನಿಗೆ ಆಗ 88 ವರ್ಷ. ವಿಷ್ಣುದೂತರು ಅವನನ್ನು ಬಿಡಿಸಿ ಅಂತರ್ಧಾನರಾದ ಮೇಲೆ ಅವನು ಎದ್ದು ಕುಳಿತು ತನ್ನ ಬಾಳನ್ನು ಹಿಂತಿರುಗಿ ನೋಡಿದನು. ವೃದ್ಧರಾದ, ಬೇರೆ ದಿಕ್ಕಿಲ್ಲದ ತಂದೆತಾಯಿಗಳನ್ನು ತೊರೆದೆನಲ್ಲಾ, ಕುಲಸ್ತ್ರೀಯಾದ ಪತ್ನಿಯನ್ನು ಬಿಟ್ಟೆನಲ್ಲಾ ಎಂದು ಒಂದೊಂದನ್ನೂ ಹೆಸರಿಸಿ ತನ್ನನ್ನು ತಾನೇ ನಿಂದಿಸಿಕೊಂಡನು. ಅನಂತರ ಸಂಸಾರದ ಬಂಧವನ್ನು ಕಳಚಿ ಗಂಗಾದ್ವಾರಕ್ಕೆ, ಎಂದರೆ ಇಂದಿನ ಹರಿದ್ವಾರಕ್ಕೆ, ಪ್ರಯಾಣ ಮಾಡಿ, ಅಲ್ಲಿ ಮನಸ್ಸನ್ನು ಭಗವಂತನಲ್ಲಿ ನೆಲೆಗೊಳಿಸಿ ದೇಹವನ್ನು ಬಿಟ್ಟನು. ನಾಮವು ಅವನನ್ನು ಉಳಿಸಿತು. ಉಳಿದ ಆಯುಷ್ಯವನ್ನು ಅವನು ಪಶ್ಚಾತ್ತಾಪಕ್ಕೂ ಸಾಧನೆಗೂ ಉಪಯೋಗಿಸಿದನು. ನಾಮಸ್ಮರಣೆಯು ಪಶ್ಚಾತ್ತಾಪವನ್ನು ಅನಾವಶ್ಯಕಗೊಳಿಸಲಿಲ್ಲ. ಅದಕ್ಕೆ ಕಾಲಾವಕಾಶವನ್ನು ಒದಗಿಸಿಕೊಟ್ಟಿತು.

ಹಾಗಾದರೆ ಭರತಚಕ್ರವರ್ತಿಯ ನೆನಪಿಗೂ ಅಜಾಮಿಳನ ನೆನಪಿಗೂ ಭೇದವೇನು? ಭರತನು ನೆನೆದುದು ತನಗೆ ಪ್ರಿಯವಾದುದನ್ನು, ಹಿಡಿದಿಟ್ಟುಕೊಳ್ಳಬೇಕೆಂಬ ಮಮತೆಯಿಂದ. ಅಜಾಮಿಳನು ನೆನೆದುದು ತಾನು ಕೊಡಬೇಕಾದ ಬಾಕಿಯನ್ನು, ಬಿಡುಗಡೆ ಹೊಂದಬೇಕೆಂಬ ತವಕದಿಂದ. ರುಚಿಗಾಗಿ ಮೆಲುಕುಹಾಕುವ ನೆನಪು ಬಂಧಿಸುತ್ತದೆ. ಋಣವೆಂದು ಎಣಿಸುವ ನೆನಪು ಬಿಡಿಸುತ್ತದೆ. ಇದನ್ನು ಗುರುತಿಸಲು ಒಂದು ಸುಲಭವಾದ ಪರೀಕ್ಷೆಯಿದೆ. ನೆನಪು ಒಂದು ಕಾರ್ಯದಲ್ಲಿ ಕೊನೆಗೊಳ್ಳುವುದೇ, ಇಲ್ಲವೇ? ಹಳೆಯ ಜಗಳವನ್ನು ನೂರು ಬಾರಿ ನೆನೆದು ನೂರು ಬಾರಿಯೂ ತಾನೇ ಸರಿಯೆಂದು ತೀರ್ಪುಕೊಟ್ಟುಕೊಳ್ಳುವವನು ವ್ಯಾಜ್ಯವನ್ನು ಮುಂದುವರಿಸುತ್ತಿದ್ದಾನಷ್ಟೆ. ಒಮ್ಮೆ ನೆನೆದು ಒಂದು ಕಾಗದ ಬರೆದವನು ಸಾಧನೆ ಮಾಡಿದನು. ಒಬ್ಬನು ಹಳೆಯ ದುಃಖವನ್ನೇ ಅಪ್ಪಿಕೊಂಡು ಅಳುತ್ತಾ ಕುಳಿತರೆ ಅದೂ ಒಂದು ಬಗೆಯ ಜಿಂಕೆಮರಿಯೇ.

ಇದಲ್ಲದೆ ಮತ್ತೊಂದು ಬಗೆಯ ಸ್ಮರಣೆಯೂ ಇದೆ. ಅದನ್ನು ಭಾವಿಸಮೀರ ಶ್ರೀವಾದಿರಾಜಗುರುಸಾರ್ವಭೌಮರ ತೀರ್ಥಪ್ರಬಂಧದಲ್ಲಿ ಕಾಣುತ್ತೇವೆ. ಪಶ್ಚಿಮ, ಉತ್ತರ, ಪೂರ್ವ, ದಕ್ಷಿಣವೆಂದು ನಾಲ್ಕು ಪ್ರಬಂಧಗಳಾಗಿ ಭರತಖಂಡದ ತೀರ್ಥಕ್ಷೇತ್ರಗಳನ್ನು ಅವರು ಕೊಂಡಾಡಿದ್ದಾರೆ. ಅಷ್ಟು ದೂರದ ಸಂಚಾರದಲ್ಲಿ ಮಳೆ, ಬಿಸಿಲು, ಹಸಿವುಗಳು ಇರಲಿಲ್ಲವೆಂದು ಯಾರೂ ಹೇಳಲಾರರು. ಆದರೆ ಆ ಕೃತಿಯಲ್ಲಿ ಎದ್ದುಕಾಣುವುದು ನದಿಗಳು ಮತ್ತು ಕ್ಷೇತ್ರಮೂರ್ತಿಗಳು, ಯಾತ್ರಿಕನ ಆಯಾಸವಲ್ಲ. ಬಾಳೆಂಬ ದೀರ್ಘಯಾತ್ರೆಯನ್ನೂ ಹೀಗೆ ನೆನೆಯಲು ಬರುತ್ತದೆ. ಯಾವ ಘಟ್ಟದಲ್ಲಿ ಯಾರ ರೂಪದಿಂದ ಭಗವಂತನು ಕೈಹಿಡಿದನು, ಬರಗಾಲದ ವರ್ಷ ಯಾರು ಒಂದು ಚೀಲ ಜೋಳ ಕೊಟ್ಟರು, ಪರೀಕ್ಷೆಯ ಶುಲ್ಕವನ್ನು ಯಾವ ಮೇಷ್ಟರು ಕಟ್ಟಿದರು ಎಂದು ಎಣಿಸುತ್ತಾ ಹೋದರೆ ಅದೂ ಒಂದು ತೀರ್ಥಪ್ರಬಂಧವೇ. ತಪ್ಪುಗಳ ಲೆಕ್ಕದೊಡನೆ ಉಪಕಾರಗಳ ಲೆಕ್ಕವೂ ಸೇರಿದಾಗಲೇ ಖಾತೆ ಪೂರ್ಣವಾಗುತ್ತದೆ.

ಗಯೆಯಲ್ಲಿ ನಡೆದುದನ್ನು ಹೇಳದೆ ಬಿಟ್ಟರೆ ವಾಚಕರು ಕೇಳದೆ ಬಿಡಲಾರರು. 1787ರಲ್ಲಿ ಅಹಲ್ಯಾಬಾಯಿ ಹೋಳ್ಕರ್ ಅವರು ಕಟ್ಟಿಸಿದ ವಿಷ್ಣುಪಾದಮಂದಿರವು ಫಲ್ಗುನದಿಯ ದಡದಲ್ಲಿದೆ. ವರ್ಷದ ಬಹುಭಾಗ ಆ ನದಿಯಲ್ಲಿ ಮೇಲೆ ಬರಿಯ ಮರಳು. ಕೈಯಿಂದ ತೋಡಿದರೆ ಒಳಗೆ ನೀರು. ಅಲ್ಲಿ ಮಾತೃಷೋಡಶಿಯೆಂದು ತಾಯಿಗಾಗಿ ಹದಿನಾರು ಪಿಂಡಗಳನ್ನು ಇಡುವ ಕ್ರಮವಿದೆ. ಗರ್ಭದಲ್ಲಿ ಹೊತ್ತಾಗ, ಹೆರುವಾಗ, ಹಾಲೂಡಿಸುವಾಗ, ರಾತ್ರಿ ನಿದ್ರೆಗೆಟ್ಟು ಸಾಕುವಾಗ ನನ್ನಿಂದ ಅವಳು ಪಟ್ಟ ಒಂದೊಂದು ಕಷ್ಟಕ್ಕೂ ಒಂದೊಂದು ಪಿಂಡವೆಂದು ಮಗನು ಹೇಳಿ ಅರ್ಪಿಸುತ್ತಾನೆ. ಹಿಂತಿರುಗಿ ನೋಡುವುದನ್ನು ನಮ್ಮ ಶಾಸ್ತ್ರವು ನಿಷೇಧಿಸಿದ್ದರೆ ಇಂಥ ವಿಧಿಯೇ ಇರುತ್ತಿರಲಿಲ್ಲ. ಜನ್ಮಕ್ಕೂ ಹಿಂದಿನದನ್ನು ನೆನೆಯುವಂತೆ ಶಾಸ್ತ್ರವು ಇಲ್ಲಿ ಆಜ್ಞಾಪಿಸಿದೆ. ಆ ನೆನಪನ್ನು ಪಿಂಡಪ್ರದಾನವೆಂಬ ಕಾರ್ಯದಲ್ಲಿ ಮುಗಿಸಿದೆ.

ನಮ್ಮ ಉಪಾಧ್ಯಾಯರು ಒಂಬತ್ತೋ ಹತ್ತೋ ಪಿಂಡವಾಗುವ ಹೊತ್ತಿಗೆ ಗದ್ಗದಿತರಾದರು. ಅವರು ಅನಂತರ ಹೇಳಿದುದು ಇಷ್ಟೇ: "ಈ ಕಷ್ಟಗಳನ್ನೆಲ್ಲ ಅವಳು ಅವನಿಗಾಗಿಯೂ ಪಟ್ಟಿದ್ದಾಳಲ್ಲ." ಗಯೆಯಲ್ಲಿ ಅಕ್ಷಯವಟದ ಬಳಿ ತಮಗೆ ಪ್ರಿಯವಾದ ಒಂದು ಹಣ್ಣನ್ನೋ ಕಾಯಿಪಲ್ಯವನ್ನೋ ಜೀವಮಾನಕ್ಕೆ ತ್ಯಜಿಸುವ ರೂಢಿಯಿದೆ. ಸಾಮಾನ್ಯವಾಗಿ ಜನರು ತಮಗೆ ಮೊದಲೇ ಸೇರದ ಕಾಯಿಯನ್ನು ಹುಡುಕಿ ಬಿಡುವುದನ್ನು ಕಂಡು ನಾವು ನಕ್ಕಿದ್ದೇವೆ. ಅವರು ವಿಧಿಯಂತೆ ಹಲಸಿನ ಹಣ್ಣನ್ನು ಬಿಟ್ಟರು. ಆ ಸಂಜೆ ಜೊತೆಯವರ ದೂರವಾಣಿಯಿಂದ ತಮ್ಮನಿಗೆ ಕರೆಮಾಡಿದರು. ಅಮ್ಮನ ಕಾರ್ಯ ಆಯಿತು, ನಿನ್ನ ಹೆಸರನ್ನೂ ಸೇರಿಸಿ ಸಂಕಲ್ಪ ಮಾಡಿದೆ, ಬಾವಿಯ ವಿಷಯದಲ್ಲಿ ಅಂದು ನಾನು ಆಡಿದ ಮಾತು ತಪ್ಪು ಎಂದರು. ಆಚೆಯಿಂದ ಬಹಳ ಹೊತ್ತು ಉತ್ತರ ಬರಲಿಲ್ಲ. ಆಮೇಲೆ "ಅಲ್ಲಿ ಚಳಿ ಇರ್ತದೆ, ಹುಷಾರಾಗಿ ಬಾ ಅಣ್ಣಾ" ಎಂಬಷ್ಟೇ ಮಾತು ಬಂದಿತು. ಬಾವಿಯ ವಿವಾದವು ಇನ್ನೂ ಪೂರ್ತಿಯಾಗಿ ಬಗೆಹರಿದಿಲ್ಲವೆಂದು ಕೇಳಿದ್ದೇವೆ. ಆದರೆ ಊರಿನಲ್ಲಿ ಗಂಗಾಪೂಜೆ ಮಾಡಿ ಕಾಶೀಸಮಾರಾಧನೆ ನಡೆಸಿದ ದಿನ ತಮ್ಮನು ಬಂದು ಪಂಕ್ತಿಯಲ್ಲಿ ಕುಳಿತನು.

ಎಲ್ಲರಿಗೂ ಹೀಗೆ ಅನುಕೂಲವಾಗುವುದಿಲ್ಲವೆಂಬುದನ್ನು ನಾವು ಬಲ್ಲೆವು. ಅಪರಾಧಕ್ಕೊಳಗಾದವನು ತೀರಿಹೋಗಿದ್ದರೆ ಏನು ಮಾಡಬೇಕು? ಧೃತರಾಷ್ಟ್ರನೂ ಹೊರಡುವ ಮುನ್ನ ಯುದ್ಧದಲ್ಲಿ ಮಡಿದವರೆಲ್ಲರ ಹೆಸರಿನಲ್ಲಿ ಶ್ರಾದ್ಧ ದಾನಗಳನ್ನು ಮಾಡಿದನು. ಹೋದವರಿಗೆ ಕೊಡಲಾಗದುದನ್ನು ಅವರ ಮಕ್ಕಳಿಗೆ, ಅವರಂಥ ಇತರರಿಗೆ ಕೊಡಬಹುದು. ಕ್ಷಮೆ ಬೇಡಿದರೂ ಎದುರಿನವನು ಕೊಡದಿದ್ದರೆ? ಬೇಡುವುದು ನಮ್ಮ ಪ್ರಯತ್ನ, ಕೊಡುವುದು ಅವನಲ್ಲಿ ನಿಂತು ಪ್ರೇರಿಸುವವನ ಇಚ್ಛೆ. ನಮ್ಮ ಭಾಗವು ಮುಗಿದಮೇಲೆ 'ಹರಿಚಿತ್ತ' ಎನ್ನಲು ನಮಗೆ ಅಧಿಕಾರ ಬರುತ್ತದೆ, ಅದಕ್ಕೆ ಮುಂಚೆ ಅಲ್ಲ.

ನಾವೇ ಅನ್ಯಾಯಕ್ಕೊಳಗಾದವರಾದರೆ? ಅದಕ್ಕೆ ವಿದುರನ ಮಾದರಿಯಿದೆ. ತುಂಬಿದ ಸಭೆಯಲ್ಲಿ ದುರ್ಯೋಧನನು ಜನ್ಮವನ್ನೆತ್ತಿ ನಿಂದಿಸಿದಾಗ ವಿದುರನು ಬಿಲ್ಲನ್ನು ಬಾಗಿಲಲ್ಲಿಟ್ಟು ತೀರ್ಥಯಾತ್ರೆಗೆ ಹೊರಟನು. ಅದನ್ನು ಭಗವಂತನ ಮಾಯೆಯೆಂದು ಎಣಿಸಿದುದರಿಂದ ಅವನಿಗೆ ವ್ಯಥೆಯುಂಟಾಗಲಿಲ್ಲವೆಂದು ಭಾಗವತವು ತಿಳಿಸುತ್ತದೆ. ಅವನು ಯಮುನಾತೀರದಲ್ಲಿ ಉದ್ಧವನನ್ನು ಕಂಡಾಗ ತನ್ನ ಅವಮಾನವನ್ನು ಹೇಳಿಕೊಳ್ಳುತ್ತಾ ಕೂರಲಿಲ್ಲ. ಬಂಧುಗಳೊಬ್ಬೊಬ್ಬರ ಕುಶಲವನ್ನು ವಿಚಾರಿಸಿದನು. ಕೊನೆಗೆ ಹಸ್ತಿನಾವತಿಗೆ ಮರಳಿದಾಗ, ತನ್ನ ಮಾತನ್ನು ಎಂದೂ ಕೇಳದಿದ್ದ ಅಣ್ಣನಿಗೇ ಉದ್ಧಾರದ ದಾರಿಯನ್ನು ತೋರಿಸಿದನು. ತೀರ್ಥಯಾತ್ರೆಯ ಫಲವು ಇದೇ ಅಲ್ಲವೇ? ತಾನು ಮಿಂದು ಬಂದುದನ್ನು ಮನೆಯವರಿಗೆ ಹಂಚುವುದು ತೀರ್ಥದ ತಾಮ್ರದ ಥಾಲಿಯೊಂದರಿಂದಲೇ ಮುಗಿಯುವುದಿಲ್ಲ.

ಕಿರಿಯರಿಗೂ ಎರಡು ಮಾತು ಹೇಳಬೇಕಾಗಿದೆ. ಹಿರಿಯರು ಹಳೆಯದನ್ನು ಎತ್ತಿದಾಗ 'ಇದನ್ನು ನೂರು ಸಲ ಕೇಳಿದ್ದೇವೆ' ಎಂದು ನಾವು ಎದ್ದುಬಿಡುತ್ತೇವೆ. ಒಂದೇ ಕಥೆಯನ್ನು ನೂರು ಸಲ ಹೇಳುವವರಿಗೆ ಆ ಕಥೆಯಲ್ಲಿ ಎಲ್ಲಿಯೋ ಒಂದು ಮುಳ್ಳು ಉಳಿದಿದೆಯೆಂದು ತಿಳಿಯಬೇಕು. ಕೇಳುವವನೊಬ್ಬನು ಕುಳಿತು, ಈಗ ಮಾಡಬಹುದಾದುದೇನೆಂದು ಮೆಲ್ಲಗೆ ವಿಚಾರಿಸಿದರೆ ಆ ಮುಳ್ಳು ಹೊರಬರುತ್ತದೆ. ಯಾತ್ರೆಗೆ ಹಣ ಕೊಟ್ಟು, ಚೀಟಿ ಕೊಂಡು, ಬಂಡಿಗೆ ಹತ್ತಿಸಿ ಬರುವುದು ಒಂದು ಸೇವೆ. ಅವರು ಯಾರೊಡನೆ ಮಾತನಾಡಬೇಕೆಂದಿದ್ದಾರೋ ಅವರ ಮನೆಗೆ ಕೈಹಿಡಿದು ಕರೆದುಕೊಂಡು ಹೋಗುವುದು ಮತ್ತೊಂದು ಸೇವೆ. ಎರಡನೆಯದಕ್ಕೆ ಹಣವೇನೂ ಖರ್ಚಾಗುವುದಿಲ್ಲ. ಸ್ವಲ್ಪ ಧೈರ್ಯ ಬೇಕು. ಇನ್ನು ಬದರಿಯಂಥ ಎತ್ತರದ, ಶೀತದ ಕ್ಷೇತ್ರಕ್ಕೆ ಹೋಗಲು ಅನೇಕ ವೃದ್ಧರಿಗೆ ದೇಹವು ಒಪ್ಪದು. ಅಂಥವರು ವೈದ್ಯರ ಮಾತನ್ನು ಮೀರಿ ಹೊರಡಬೇಕಾಗಿಲ್ಲ. ಮನೆಯ ಮಂಚದ ಮೇಲೆ ಮಲಗಿದ್ದವರಿಗೂ ಈ ಲೆಕ್ಕದ ಯಾತ್ರೆ ತಪ್ಪಿದ್ದಲ್ಲ, ನಿಷಿದ್ಧವೂ ಅಲ್ಲ.

ನಮ್ಮ ಹಿರಿಯರು ಹಿಂತಿರುಗಿ ನೋಡುವುದಕ್ಕೆ ಸಿಂಹಾವಲೋಕನವೆಂಬ ಸುಂದರವಾದ ಹೆಸರಿಟ್ಟಿದ್ದಾರೆ. ಸಿಂಹವು ನಡೆಯುತ್ತಾ ನಡೆಯುತ್ತಾ ಒಮ್ಮೆ ನಿಂತು ಹಿಂದಕ್ಕೆ ನೋಡುತ್ತದೆಯಂತೆ. ಬಿಟ್ಟುಬಂದ ಜಾಗಕ್ಕೆ ಮರಳುವ ಆಸೆಯಿಂದಲ್ಲ, ಹೆದರಿಕೆಯಿಂದಲೂ ಅಲ್ಲ. ಬಂದ ದಾರಿಯನ್ನು ಪೂರ್ಣವಾಗಿ ತಿಳಿದು ಮುಂದಿನ ಹೆಜ್ಜೆಯನ್ನು ಇಡುವುದಕ್ಕಾಗಿ. ನರಸಿಂಹನ ದಾಸರಾದ ನಮಗೆ ಆ ಬಗೆಯ ಅವಲೋಕನವೇ ತಕ್ಕುದು. ಹಾಗೆ ನೋಡಿದವನಿಗೆ ಅಂತ್ಯಕಾಲದ ಹರಿಸ್ಮರಣೆಯೂ ಸುಲಭವಾದೀತು. ಏಕೆಂದರೆ ತೀರಿಸಿದ ಲೆಕ್ಕವು ಮತ್ತೆ ಮತ್ತೆ ಬಂದು ಬಾಗಿಲು ಬಡಿಯುವುದಿಲ್ಲ.

ಪ್ರತಿಯೊಂದು ಕರ್ಮವನ್ನೂ ಸಂಕಲ್ಪದಿಂದ ಆರಂಭಿಸಿ ಕೃಷ್ಣಾರ್ಪಣದಿಂದ ಮುಗಿಸುವವರು ನಾವು. ಅರ್ಪಿಸುವುದಕ್ಕೆ ಮುಂಚೆ ಪಾತ್ರೆಯಲ್ಲಿರುವುದು ಏನೆಂದು ನೋಡಿಕೊಳ್ಳುವುದು ಪೂಜಕನ ಧರ್ಮ; ಕೂದಲಿದ್ದರೆ ತೆಗೆಯುತ್ತಾನೆ, ಹುಳುವಿದ್ದರೆ ಬೇರೆ ನೈವೇದ್ಯ ಮಾಡುತ್ತಾನೆ. ಎಪ್ಪತ್ತು ಎಂಬತ್ತು ವರ್ಷಗಳ ಬಾಳನ್ನು ಅವನ ಮುಂದಿಡುವಾಗ ಅಷ್ಟು ಎಚ್ಚರವಾದರೂ ಬೇಡವೇ? ಈ ವರ್ಷ ಯಾತ್ರೆಗೆ ಹೊರಡುವ ಹಿರಿಯರು ಹೊರಡುವ ಮುನ್ನವೇ ಒಂದು ಮನೆಯ ಬಾಗಿಲನ್ನು ತಟ್ಟಿ ಬರಲಿ. ಅದು ಆಗದಿದ್ದರೆ ದಾರಿಯಲ್ಲಿ ನೆನೆಯಲಿ. ನೆನೆದುದನ್ನು ಮರಳಿದ ಮೇಲೆ ಮಾಡಲಿ. ಅವರ ಗಂಗಾಸ್ನಾನವು ಸಫಲವಾಗಲೆಂದು ಶ್ರೀಮುಖ್ಯಪ್ರಾಣಾಂತರ್ಗತ ಶ್ರೀಲಕ್ಷ್ಮೀನಾರಾಯಣನನ್ನು ಪ್ರಾರ್ಥಿಸುತ್ತೇವೆ.

ಶ್ರೀಕೃಷ್ಣಾರ್ಪಣಮಸ್ತು.